ಬಂದರಿನ ಪಾಳಿ, ಬಿಲ್ಲಿನ ಹೆದೆ: ದುಡಿಯುವವರಿಗೊಂದು ಬಿಲ್ಲುಗಾರಿಕೆ ಮಾರ್ಗದರ್ಶಿ

ಬಂದರಿನಲ್ಲಿ ದುಡಿದು ಗಟ್ಟಿಯಾದ ಕೈ ಮೊದಲ ಸಲ ಬಿಲ್ಲು ಹಿಡಿದಾಗ ಎರಡು ತಪ್ಪು ಮಾಡುತ್ತದೆ. ಹಿಡಿಕೆಯನ್ನು ಬಿಗಿಯಾಗಿ ಅಮುಕುತ್ತದೆ, ಹೆದೆಯನ್ನು ಬರೀ ತೋಳಿನ ಬಲದಿಂದ ಒಮ್ಮೆಲೇ ಸೆಳೆಯುತ್ತದೆ. ಲ್ಯಾಶಿಂಗ್ ರಾಡ್ (ಕಂಟೇನರ್‌ಗಳನ್ನು ಹಡಗಿಗೆ ಬಿಗಿದು ಕಟ್ಟುವ ಉಕ್ಕಿನ ಸರಳು) ಎತ್ತುವಾಗ, ಅದನ್ನು ಬಿಗಿ ಮಾಡುವ ತಿರುಪು ಟರ್ನ್‌ಬಕಲ್ ಬಿಗಿಯುವಾಗ, ಹಡಗಿನ ಹಗ್ಗವನ್ನು ಎಳೆದು ಧಕ್ಕೆಯ ಬೊಲ್ಲಾರ್ಡ್ ಗೂಟಕ್ಕೆ ಹಾಕುವಾಗ ಇವೆರಡೂ ಬೇಕಾದ ಅಭ್ಯಾಸಗಳೇ. ಬಿಲ್ಲಿನ ಮುಂದೆ ಮಾತ್ರ ಇವೇ ಅಡ್ಡಿಯಾಗುತ್ತವೆ. ಆದರೆ ಅದೇ ಬಂದರು ನಿಮಗೆ ಇನ್ನೂ ಮೂರು ಗುಣಗಳನ್ನು ಕೊಟ್ಟಿದೆ: ಸಲಕರಣೆಯನ್ನು ಬಳಸುವ ಮೊದಲು ಪರೀಕ್ಷಿಸುವುದು, ಸನ್ನೆ ಬಂದ ಕೂಡಲೇ ಕೈ ನಿಲ್ಲಿಸುವುದು, ಗಾಳಿಯ ಮೇಲೆ ಸದಾ ಒಂದು ಕಣ್ಣಿಡುವುದು. ಬೇರೆಯವರು ಮೈದಾನಕ್ಕೆ ಬಂದ ಮೇಲೆ ಕಲಿಯುವ ಈ ಪಾಠಗಳನ್ನು ನೀವು ಕಲಿತೇ ಬಂದಿರುತ್ತೀರಿ.

ಬಂದರು ಕೆಲಸದವರಿಗೆ ಬಿಲ್ಲುಗಾರಿಕೆ ಹೇಳಿ ಮಾಡಿಸಿದ ಹವ್ಯಾಸ ಎಂಬುದು ನನ್ನ ದೃಢವಾದ ನಂಬಿಕೆ. ಷರತ್ತು ಒಂದೇ. ಪಾಳಿ ನಿಮ್ಮ ಮೈಯಿಂದ ಎಷ್ಟನ್ನು ತೆಗೆದುಕೊಂಡಿದೆ ಎಂಬುದರ ಲೆಕ್ಕ ಸರಿಯಾಗಿರಬೇಕು. ಉಳಿದಷ್ಟರಲ್ಲೇ ಬಿಲ್ಲು ಹಿಡಿಯಬೇಕು. ಮುಂದಿನ ಹಂತಗಳೆಲ್ಲ ಆ ಲೆಕ್ಕದ ಮೇಲೆಯೇ ನಿಂತಿವೆ.

ಹಂತ 1: ಕೆಲಸ ನಿಮ್ಮ ಮೈಯನ್ನು ಎಲ್ಲಿ ಸವೆಸುತ್ತದೆ ಎಂದು ನೋಡಿ

1956ರ ಏಪ್ರಿಲ್‌ನಲ್ಲಿ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಕಂಟೇನರ್‌ಗಳನ್ನು ಹೊತ್ತು ಅಮೆರಿಕದ ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಅಲ್ಲಿಂದ ಮುಂದೆ ಬಂದರಿನ ದುಡಿಮೆಯ ಸ್ವರೂಪವೇ ಬದಲಾಗುತ್ತ ಬಂತು. ಬೆನ್ನ ಮೇಲಿನ ಮೂಟೆ ಕಡಿಮೆಯಾಯಿತು, ಕುತ್ತಿಗೆ, ಭುಜ, ಕಣ್ಣುಗಳ ಮೇಲಿನ ಭಾರ ಹೆಚ್ಚಿತು. ಹೀಗಾಗಿ ‘ಬಂದರು ಕೆಲಸ’ ಎಂದಷ್ಟೇ ಹೇಳಿದರೆ ಸಾಲದು, ಯಾವ ಕೆಲಸ ಎನ್ನುವುದು ಮುಖ್ಯ.

ಲ್ಯಾಶಿಂಗ್ ಮಾಡುವವರ ಕೈ ಪಾಳಿಯುದ್ದಕ್ಕೂ ತಲೆಗಿಂತ ಮೇಲಿರುತ್ತದೆ. ಉದ್ದನೆಯ ಉಕ್ಕಿನ ರಾಡನ್ನು ಮೇಲಿನ ಕಂಟೇನರಿನ ಮೂಲೆಗೆ ಸಿಕ್ಕಿಸುವಾಗ ದುಡಿಯುವುದು ಭುಜದ ಕೀಲನ್ನು ಸುತ್ತುವರಿದ ಸಣ್ಣ ಸ್ನಾಯುಗಳು. ಬಿಲ್ಲನ್ನು ಚಾಚಿ ಹಿಡಿದ ಕೈಯನ್ನು ಅಲುಗದಂತೆ ನಿಲ್ಲಿಸುವುದೂ ಅವೇ ಸ್ನಾಯುಗಳು. ಆದ್ದರಿಂದ ಎಲ್ಲರಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಇವರಿಗೆ. ಧಕ್ಕೆಯ ದೊಡ್ಡ ಕ್ರೇನ್ ನಡೆಸುವವರದು ಬೇರೆ ಕಥೆ. ಎತ್ತರದ ಕ್ಯಾಬಿನ್ನಿನಲ್ಲಿ ಕುಳಿತು, ಗಾಜಿನ ನೆಲದ ಮೂಲಕ ಕೆಳಗೆ ಬಗ್ಗಿ ನೋಡುತ್ತ ಗಂಟೆಗಟ್ಟಲೆ ಕಳೆಯುವುದರಿಂದ ಕುತ್ತಿಗೆ ಮುಂದಕ್ಕೆ ಬಾಗಿ ಹೆಗಲು ಒಳಕ್ಕೆ ಮಡಚಿಕೊಂಡಿರುತ್ತದೆ. ಬಿಲ್ಲುಗಾರಿಕೆ ಕೇಳುವುದು ಇದಕ್ಕೆ ತದ್ವಿರುದ್ಧವಾದ ಭಂಗಿ: ಎದೆ ತೆರೆದು, ತಲೆ ನೆಟ್ಟಗೆ, ಹೆಗಲು ಕೆಳಗೆ. ಕ್ರೇನ್ ನಡೆಸುವವರಿಗೆ ಈ ಹವ್ಯಾಸ ಒಗ್ಗುವುದಕ್ಕೆ ಇದೂ ಒಂದು ಕಾರಣ. ಕಂಟೇನರ್ ಎತ್ತಿ ಜೋಡಿಸುವ ರೀಚ್ ಸ್ಟ್ಯಾಕರ್ ವಾಹನ, ಟ್ರೇಲರ್ ಓಡಿಸುವವರಿಗೆ ಸೊಂಟ ಮೊದಲು ಸೋಲುತ್ತದೆ. ಟ್ಯಾಲಿ, ಅಂದರೆ ಸರಕಿನ ಲೆಕ್ಕ, ಬರೆಯುವವರಿಗೆ ಹೆಚ್ಚಿನ ತೊಂದರೆಯಿಲ್ಲ.

ಬಿಲ್ಲು ಮುಟ್ಟುವ ಮೊದಲು ಈ ಸರಳ ಪರೀಕ್ಷೆ ಮಾಡಿಕೊಳ್ಳಿ. ತೋಳನ್ನು ಪಕ್ಕದಿಂದ ನಿಧಾನವಾಗಿ ತಲೆಯ ಮೇಲಿನವರೆಗೂ ಎತ್ತಿ. ನಡುವಿನ ಹಾದಿಯಲ್ಲಿ, ಅಂದರೆ ತೋಳು ನೆಲಕ್ಕೆ ಸಮಾನವಾಗುವ ಆಸುಪಾಸಿನಲ್ಲಿ ಚುಚ್ಚಿದಂತೆ ನೋವು ಬಂದು, ದಾಟಿದ ಮೇಲೆ ಕಡಿಮೆಯಾದರೆ ಭುಜದ ಸ್ನಾಯುರಜ್ಜು ಉರಿಯೂತದಲ್ಲಿರಬಹುದು. ಮೊದಲು ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕಾಣಿ. ರಾತ್ರಿ ಆ ಭುಜದ ಮೇಲೆ ಮಲಗಲು ಆಗದಿದ್ದರೂ ಇದೇ ಮಾತು. ಭುಜ ಕೆಟ್ಟರೆ ಹೋಗುವುದು ಹವ್ಯಾಸ ಮಾತ್ರವಲ್ಲ, ನಾಳಿನ ಕೆಲಸವೂ ಹೌದು.

ಹಂತ 2: ವಾರದ ದಿನಗಳನ್ನು ಮರೆತು ಪಾಳಿಪಟ್ಟಿ ನೋಡಿ

‘ಪ್ರತಿ ಭಾನುವಾರ ಬೆಳಿಗ್ಗೆ’ ಎಂಬಂಥ ವೇಳಾಪಟ್ಟಿ ಬಂದರಿನವರಿಗೆ ನಿಲ್ಲುವುದಿಲ್ಲ. 8 ಗಂಟೆಯ ಮೂರು ಪಾಳಿಯಿರಲಿ, 12 ಗಂಟೆಯ ಎರಡು ಪಾಳಿಯಿರಲಿ, ಕೆಲಸದ ನಿಜವಾದ ಯಜಮಾನ ಹಡಗು. ಹಡಗು ತಡವಾಗಿ ಬರ್ತ್‌ಗೆ ಬಂದರೆ, ಮಳೆಗೆ ಹಡಗಿನ ಸರಕುಗೂಡಿನ ಬಾಯಿ (ಹ್ಯಾಚ್) ಮುಚ್ಚಿದರೆ, ಕ್ರೇನ್ ಕೆಟ್ಟರೆ ನಿಮ್ಮ ದಿನವಿಡೀ ಸರಿದುಹೋಗುತ್ತದೆ. ಹಾಗಾಗಿ ಅಭ್ಯಾಸವನ್ನು ವಾರಕ್ಕೆ ಕಟ್ಟಬೇಡಿ, ಪಾಳಿಯ ಬಗೆಗೆ ಕಟ್ಟಿ. ತಿಂಗಳ ಪಾಳಿಪಟ್ಟಿ ಕೈಗೆ ಬಂದ ದಿನವೇ ಪ್ರತಿ ದಿನಕ್ಕೂ ಹಸಿರು, ಹಳದಿ, ಕೆಂಪು ಎಂದು ಗುರುತು ಹಾಕಿ.

ರಜೆಯ ಎರಡನೇ ದಿನ ಮತ್ತು ಹಗುರ ಕೆಲಸದ ಹಗಲು ಪಾಳಿ ಮುಗಿದ ಸಂಜೆ ಹಸಿರು. ಆಗ ಪೂರ್ತಿ ಅಭ್ಯಾಸ ಮಾಡಬಹುದು. ಲ್ಯಾಶಿಂಗ್ ಮುಗಿಸಿ ಬಂದ ದಿನ, ರಾತ್ರಿ ಪಾಳಿಗಳ ಸರಣಿ ಮುಗಿದ ನಂತರದ ಮೊದಲ ರಜೆ, ಇವು ಹಳದಿ. ಗುರಿ ಬೇಡ, ಹತ್ತಿರದಿಂದ ಕೆಲವೇ ಬಾಣ ಬಿಟ್ಟು ಚಲನೆಯನ್ನು ತಿದ್ದಿಕೊಂಡರೆ ಸಾಕು. ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆ ಕಡ್ಡಾಯವಾಗಿ ಕೆಂಪು. ಸತತ 17ರಿಂದ 19 ಗಂಟೆ ಎಚ್ಚರವಿದ್ದವರ ಚುರುಕುತನವು ರಕ್ತದಲ್ಲಿ ಶೇ. 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಇಳಿದಿರುತ್ತದೆ. ಆ ಸ್ಥಿತಿಯಲ್ಲಿ ಬಾಣ ಬಿಡುವುದು ಹಾಗಿರಲಿ, ಮೈದಾನದವರೆಗೆ ಗಾಡಿ ಓಡಿಸುವುದೂ ತಪ್ಪು. ಮೊದಲು ಮಲಗಿ.

ಇನ್ನೊಂದು ದಿಕ್ಕಿನ ಎಚ್ಚರವನ್ನು ಹೆಚ್ಚಿನವರು ಮರೆಯುತ್ತಾರೆ. ಪಾಳಿಗೆ ಹೋಗುವ ಮುಂಚೆ ಉದ್ದನೆಯ ಅಭ್ಯಾಸ ಬೇಡ. ದಣಿದ ಭುಜ ಹೊತ್ತು ಕಂಟೇನರ್ ಸಾಲುಗಳ ನಡುವೆ ಹತ್ತಿದರೆ ಕೈಯಿಂದ ಜಾರಿದ ಟ್ವಿಸ್ಟ್‌ಲಾಕ್ (ಕಂಟೇನರ್‌ಗಳನ್ನು ಒಂದರ ಮೇಲೊಂದು ಭದ್ರವಾಗಿ ಸೇರಿಸುವ ಉಕ್ಕಿನ ಬೀಗ) ಕೆಳಗಿದ್ದವರ ತಲೆಗೆ ಬೀಳಬಹುದು. ರಾತ್ರಿ ಪಾಳಿಯ ವಾರದಲ್ಲಿ ಬಿಲ್ಲನ್ನು ಪೂರ್ತಿ ಬಿಟ್ಟುಬಿಡಬೇಕೆಂದೇನೂ ಇಲ್ಲ. ವ್ಯಾಯಾಮದ ರಬ್ಬರ್ ಪಟ್ಟಿ ಹಿಡಿದು ಕನ್ನಡಿಯ ಮುಂದೆ ಹತ್ತು ನಿಮಿಷ ಸೆಳೆಯುವ ಚಲನೆ ಮಾಡಿದರೆ ಕಲಿತದ್ದು ಕೈಬಿಡುವುದಿಲ್ಲ. ಕಾಫಿಯ ಬಗ್ಗೆಯೂ ಒಂದು ಮಾತು. ಕುಡಿದ ಕೆಫೀನಿನ ಅರ್ಧದಷ್ಟು ಐದಾರು ಗಂಟೆಯ ನಂತರವೂ ಮೈಯಲ್ಲಿರುತ್ತದೆ. ಪಾಳಿಯ ಕೊನೆಯಲ್ಲಿ ನಿದ್ದೆ ತಡೆಯಲು ಕುಡಿದದ್ದು ಸಂಜೆ ಬಿಲ್ಲು ಹಿಡಿದಾಗ ಕೈ ನಡುಕವಾಗಿ ಕಾಣಿಸಿಕೊಳ್ಳಬಹುದು.

ಹಂತ 3: ಕಲಿಯುವ ಜಾಗ ಹುಡುಕಿ, ಬಿಲ್ಲನ್ನು ಬಂದರಿಗೆ ಒಯ್ಯಬೇಡಿ

ತರಬೇತುದಾರರಿರುವ ಕ್ಲಬ್ಬಿನಲ್ಲೇ ಶುರು ಮಾಡಿ. ಹಿತ್ತಲಲ್ಲಿ, ಖಾಲಿ ಜಾಗದಲ್ಲಿ ಒಬ್ಬರೇ ಕಲಿಯುವ ಯೋಚನೆ ಬೇಡ. ಹಗುರ ಬಿಲ್ಲಿನ ಬಾಣವೂ ಗುರಿ ತಪ್ಪಿದರೆ ಬಹುದೂರ ಹಾರುತ್ತದೆ. ಕ್ಲಬ್ ಆರಿಸುವಾಗ ಮೂರು ವಿಷಯ ಕೇಳಿ: ಪಾಳಿಯವರಿಗೆ ವಾರದ ನಡುವೆಯೂ ಮೈದಾನ ತೆರೆದಿರುತ್ತದೆಯೇ, ಹೊಸಬರಿಗೆ ಅವರೇ ಬಿಲ್ಲು ಕೊಡುತ್ತಾರೆಯೇ, ಗುರಿಹಲಗೆಗಳ ಹಿಂದೆ ತಡೆಬಲೆಯೋ ಮಣ್ಣಿನ ದಿಬ್ಬವೋ ಇದೆಯೇ. ಬಿಲ್ಲು ಇಟ್ಟುಕೊಳ್ಳುವ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಅದನ್ನೂ ಕ್ಲಬ್ಬಿನವರಿಂದಲೇ ತಿಳಿದುಕೊಳ್ಳಿ.

ಕೆಲಸದಿಂದ ನೇರ ಮೈದಾನಕ್ಕೆ ಹೋಗುವ ಆಸೆಗೆ ಬಿಲ್ಲಿನ ಚೀಲವನ್ನು ಗೇಟಿನ ಒಳಗೆ ತರುವುದು ದೊಡ್ಡ ತಪ್ಪು. ಹಡಗು ಮತ್ತು ಬಂದರುಗಳ ಭದ್ರತೆಗಾಗಿ ಇರುವ ಐಎಸ್‌ಪಿಎಸ್ ಅಂತರರಾಷ್ಟ್ರೀಯ ಸಂಹಿತೆ 2004ರ ಜುಲೈ 1ರಿಂದ ಜಾರಿಯಲ್ಲಿದೆ. ಅದರಡಿ ಬಂದರಿನ ಒಳಗೆ ಬರುವ ಜನ, ವಾಹನ, ಸಾಮಾನು ಎಲ್ಲಕ್ಕೂ ತಪಾಸಣೆಯಿದೆ. ನಿಮಗದು ಆಟದ ಸಾಮಾನು, ಗೇಟಿನ ಕಾವಲುಗಾರರಿಗೆ ಆಯುಧ. ಪಾಸ್ ಕಳೆದುಕೊಂಡರೆ ಕೆಲಸಕ್ಕೇ ಕುತ್ತು. ಕಾರಿನ ಡಿಕ್ಕಿಯಲ್ಲಿಟ್ಟು ಹೊರಗೆ ನಿಲ್ಲಿಸುವುದೂ ಬೇಡ. ಬಿಸಿಲಿಗೆ ಕಾದ ಡಿಕ್ಕಿಯಲ್ಲಿ ಪದರ ಪದರವಾಗಿ ಅಂಟಿಸಿ ಮಾಡಿದ ಬಿಲ್ಲಿನ ತೋಳುಗಳು (ಹಿಡಿಕೆಯ ಮೇಲೂ ಕೆಳಗೂ ಇರುವ ಬಾಗುವ ಭಾಗಗಳು) ತಿರುಚಿಕೊಳ್ಳಬಹುದು, ಪದರ ಬಿಡಬಹುದು. ಬಿಲ್ಲು ಮನೆಯಲ್ಲಿರಲಿ, ಇಲ್ಲವೇ ಕ್ಲಬ್ಬಿನ ಕಪಾಟಿನಲ್ಲಿ.

ಹಂತ 4: ಅಳತೆ ತೆಗೆದುಕೊಳ್ಳಿ

ಮೊದಲು ಕಣ್ಣು. ಎರಡೂ ಅಂಗೈ ಚಾಚಿ ಬೆರಳುಗಳ ನಡುವೆ ಚಿಕ್ಕ ಕಿಂಡಿ ಮಾಡಿ, ಅದರೊಳಗಿಂದ ದೂರದ ಒಂದು ವಸ್ತುವನ್ನು ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯೊಳಗೇ ಉಳಿಯುತ್ತದೋ ಅದು ನಿಮ್ಮ ಪ್ರಧಾನ ಕಣ್ಣು. ಬಲಗಣ್ಣಾದರೆ ಬಲಗೈಯಿಂದ ಹೆದೆ ಸೆಳೆಯುವ ಬಿಲ್ಲು, ಎಡಗಣ್ಣಾದರೆ ಎಡಗೈಯಿಂದ. ಬರೆಯುವ ಕೈ ಯಾವುದೆಂಬುದು ಇಲ್ಲಿ ಅಷ್ಟು ಮುಖ್ಯವಲ್ಲ.

ನಂತರ ಸೆಳೆತದ ಉದ್ದ, ಅಂದರೆ ಹೆದೆಯನ್ನು ನೀವು ಎಷ್ಟು ಹಿಂದಕ್ಕೆ ಸೆಳೆಯುತ್ತೀರಿ ಎಂಬುದು. ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿ ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಗೆ ಇಂಚಿನಲ್ಲಿ ಅಳೆದು 2.5ರಿಂದ ಭಾಗಿಸಿ. 70 ಇಂಚು ಬಂದರೆ ಸೆಳೆತ ಸುಮಾರು 28 ಇಂಚು. ಅಷ್ಟು ಸೆಳೆತದವರಿಗೆ 68 ಇಂಚಿನ ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿದ ಬಗೆಯದು) ಹೊಂದುತ್ತದೆ. ಹೊಸಬರ ಬಾಣ ಸೆಳೆತಕ್ಕಿಂತ ಎರಡು ಇಂಚಾದರೂ ಉದ್ದವಿರಲಿ. ಅತಿಯಾಗಿ ಸೆಳೆದಾಗ ಬಾಣದ ಮೊನೆ ಬಿಲ್ಲಿನಿಂದ ಒಳಕ್ಕೆ ಬಂದು ಕೈಗೆ ತಗಲುವುದು ಆಗ ತಪ್ಪುತ್ತದೆ.

ಇನ್ನು ಬಿಲ್ಲಿನ ಬಲ. ಬಂದರಿನವರು ಎಡವುವುದು ಇಲ್ಲೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬಿಲ್ಲಿನ ಮೇಲೆ ಬರೆದಿರುವ ಪೌಂಡ್ ಲೆಕ್ಕ 28 ಇಂಚು ಸೆಳೆದಾಗಿನದು. ಅದಕ್ಕಿಂತ ಒಂದು ಇಂಚು ಹೆಚ್ಚು ಸೆಳೆದರೆ ಒಂದೂವರೆಯಿಂದ ಎರಡು ಪೌಂಡ್ ಹೆಚ್ಚು, ಕಡಿಮೆ ಸೆಳೆದರೆ ಅಷ್ಟೇ ಕಡಿಮೆ. ವಯಸ್ಕ ಹೊಸಬರಿಗೆ 18ರಿಂದ 24 ಪೌಂಡ್ ಸಾಕು. ದಿನವಿಡೀ ಉಕ್ಕು ಎತ್ತುವವರಿಗೆ 20 ಪೌಂಡ್ ಅಂದರೆ ಬರೀ 9 ಕಿಲೋ, ಮಕ್ಕಳಾಟ ಅನ್ನಿಸುತ್ತದೆ. ಒಮ್ಮೆ ಎತ್ತುವ ಭಾರವಾಗಿದ್ದರೆ ಹೌದು. ಆದರೆ ಇಲ್ಲಿ ಆ ಭಾರವನ್ನು ಒಂದೇ ಭಂಗಿಯಲ್ಲಿ, ಒಂದೇ ಕಡೆಯ ಸಣ್ಣ ಸ್ನಾಯುಗಳಿಂದ, ಅಲುಗಾಡದೆ, ಮತ್ತೆ ಮತ್ತೆ ಹಿಡಿದು ನಿಲ್ಲಬೇಕು. 40 ಪೌಂಡಿನ ಬಿಲ್ಲಿನಿಂದ ಸ್ಪರ್ಧೆಯ 72 ಬಾಣ ಬಿಟ್ಟವರು ಒಟ್ಟು 1,300 ಕಿಲೋ ಸೆಳೆದಂತಾಗುತ್ತದೆ. ಬಲಶಾಲಿ ಹೊಸಬರಿಗೆ ಆರಂಭದಲ್ಲೇ 36 ಪೌಂಡ್ ಕೊಟ್ಟರೆ ಸೆಳೆಯುತ್ತಾರೆ, ಅನುಮಾನವಿಲ್ಲ. ಆದರೆ ಹೆಗಲೆತ್ತಿ, ಸೊಂಟ ಹಿಂದಕ್ಕೆ ಬಾಗಿಸಿ, ತೋಳಿನಿಂದಲೇ ಸೆಳೆಯುತ್ತಾರೆ. ಆ ಚಲನೆ ಮೈಗೆ ಅಂಟಿಕೊಂಡ ಮೇಲೆ ಬಿಡಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ಪೂರ್ತಿ ಸೆಳೆದು, ಗದ್ದಕ್ಕೆ ತಾಗಿಸಿ, 15 ಸೆಕೆಂಡ್ ನಡುಗದೆ ನಿಂತು, ನಿಧಾನವಾಗಿ ಹೆದೆಯನ್ನು ಇಳಿಸಲು ಆಗದ ಬಿಲ್ಲು ನಿಮಗೆ ಸದ್ಯಕ್ಕೆ ಹೆಚ್ಚಾಯಿತು ಎಂದೇ ಅರ್ಥ.

ಕಾಂಪೌಂಡ್ ಬಿಲ್ಲು ತೆಗೆದುಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಅದರ ಚಕ್ರಗಳು ಪೂರ್ತಿ ಸೆಳೆದ ಮೇಲೆ ಹಿಡಿಯುವ ಭಾರವನ್ನು ಬಹಳಷ್ಟು ತಗ್ಗಿಸುತ್ತವೆ, ನಿಜ. ಆದರೆ ಅಲ್ಲಿಗೆ ತಲುಪುವ ಮೊದಲು ಪೂರ್ತಿ ಬಲವನ್ನು ಭುಜ ದಾಟಲೇಬೇಕು. ಮೊದಲ ವರ್ಷ ರಿಕರ್ವ್‌ನಲ್ಲೇ ಕಲಿಯಿರಿ ಎಂಬುದು ನನ್ನ ಸಲಹೆ. ಅದು ತಪ್ಪನ್ನು ಮುಚ್ಚಿಡುವುದಿಲ್ಲ.

ಹಂತ 5: ಸಲಕರಣೆ, ತಪಾಸಣೆ, ಉಪ್ಪುಗಾಳಿ

ಮೊದಲ ಕೆಲವು ತಿಂಗಳು ಕ್ಲಬ್ಬಿನ ಬಿಲ್ಲನ್ನೇ ಬಳಸಿ. ಸ್ವಂತಕ್ಕೆ ಬೇಕಾದದ್ದು ಹೆದೆ ಸೆಳೆಯುವ ಬೆರಳುಗಳನ್ನು ಕಾಯುವ ಚರ್ಮದ ಟ್ಯಾಬ್, ಬಿಲ್ಲು ಹಿಡಿದ ಕೈಗೆ ಆರ್ಮ್‌ಗಾರ್ಡ್, ಬಿಲ್ಲು ಬೀಳದಂತೆ ಬೆರಳಿಗೆ ಕಟ್ಟುವ ಸ್ಲಿಂಗ್ ದಾರ, ಚಪ್ಪಟೆ ಅಡಿಯ ಬೂಟು. ಕೆಲಸದ ಉಕ್ಕಿನ ಮೂತಿಯ ಬೂಟು ಹಾಕಿಕೊಂಡು ಬರಬೇಡಿ, ಅದರ ದಪ್ಪ ಅಡಿ ಕಾಲಿಗೆ ನೆಲ ತಿಳಿಯಗೊಡುವುದಿಲ್ಲ. ಸ್ವಂತ ಬಿಲ್ಲು ಕೊಳ್ಳುವ ಹೊತ್ತಿಗೆ ಬಿಚ್ಚಿ ಜೋಡಿಸುವ ಬಗೆಯದನ್ನೇ ಕೊಳ್ಳಿ. ಬಲ ಹೆಚ್ಚಿಸಬೇಕಾದಾಗ ಬಿಲ್ಲಿನ ತೋಳುಗಳನ್ನಷ್ಟೇ ಬದಲಿಸಿದರಾಯಿತು.

ಧಕ್ಕೆಯ ಕೆಲಸದ ಸುರಕ್ಷತೆಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1979ರಲ್ಲಿ ಅಂಗೀಕರಿಸಿದ 152ನೇ ಒಡಂಬಡಿಕೆ, ಭಾರ ಎತ್ತುವ ಯಂತ್ರಗಳಿಗೆ 12 ತಿಂಗಳಿಗೊಮ್ಮೆಯಾದರೂ ಕೂಲಂಕಷ ಪರೀಕ್ಷೆಯಾಗಬೇಕು ಎನ್ನುತ್ತದೆ. ಭಾರ ಎತ್ತುವ ಸ್ಲಿಂಗ್ ಹಗ್ಗ, ಶ್ಯಾಕಲ್ ಕೊಂಡಿಗಳನ್ನು ಬಳಕೆಗೆ ಮುನ್ನ ನೋಡುವುದು ನಿಮಗೆ ರೂಢಿಯೇ. ಅದೇ ಕಣ್ಣಿನಿಂದ ಬಿಲ್ಲನ್ನೂ ನೋಡಿ. ಹೆದೆಯ ಎಳೆ ಹರಿದಿದೆಯೇ, ಸುತ್ತಿದ ದಾರ ಸಡಿಲಾಗಿದೆಯೇ, ಹೆದೆಯ ಕುಣಿಕೆಗಳು ಬಿಲ್ಲಿನ ತೋಳಿನ ತುದಿಯ ಕಚ್ಚಿನಲ್ಲಿ ಸರಿಯಾಗಿ ಕೂತಿವೆಯೇ. ಬಿಲ್ಲಿಗೂ ಹೆದೆಗೂ ನಡುವಿನ ಅಂತರವನ್ನು ಅಳೆಯಿರಿ. 66ರಿಂದ 68 ಇಂಚಿನ ರಿಕರ್ವ್‌ಗೆ ಇದು ಸಾಮಾನ್ಯವಾಗಿ 8¼ರಿಂದ 9 ಇಂಚು. ಕಾರ್ಬನ್ ಬಾಣವನ್ನು ಎರಡು ತುದಿಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ, ತಿರುಗಿಸಿ, ಮತ್ತೆ ಬಗ್ಗಿಸಿ. ಚಿಟಚಿಟ ಸದ್ದು ಬಂದರೆ, ಸೀಳು ಕಂಡರೆ ಅದನ್ನು ಅಲ್ಲೇ ಮುರಿದು ಎಸೆಯಿರಿ. ಸೀಳಿದ ಬಾಣ ಬಿಡುವಾಗ ಒಡೆದು ಬಿಲ್ಲು ಹಿಡಿದ ಕೈಗೇ ನಾಟಬಹುದು.

ಹೆದೆಯೇರಿಸಲು ಸ್ಟ್ರಿಂಗರ್ ಹಗ್ಗ ಬಳಸಿ. ಕಾಲಿನ ನಡುವೆ ಇಟ್ಟು ಬಗ್ಗಿಸಿದರೆ ಬಿಲ್ಲಿನ ತೋಳು ತಿರುಚುತ್ತದೆ. ಬಾಣವಿಲ್ಲದೆ ಹೆದೆ ಸೆಳೆದು ಬಿಡುವುದಂತೂ ಎಂದೂ ಕೂಡದು. ಬಾಣಕ್ಕೆ ಹೋಗಬೇಕಾದ ಶಕ್ತಿ ಬಿಲ್ಲಿಗೇ ತಿರುಗಿ ಅದು ಒಡೆಯಬಹುದು.

ಕಡಲ ತೀರದಲ್ಲಿ ಬಿಲ್ಲಿಗೆ ಇನ್ನೊಂದು ಶತ್ರು ಉಪ್ಪು. ಸ್ಕ್ರೂಗಳು, ತೋಳು ಹಿಡಿಯುವ ಬೋಲ್ಟ್‌ಗಳು, ಸೈಟ್‌ನ (ಗುರಿ ನೋಡಲು ಬಿಲ್ಲಿಗೆ ಜೋಡಿಸುವ ಸಾಧನದ) ತಿರುಪಿನ ಎಳೆಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಅಭ್ಯಾಸ ಮುಗಿದ ಮೇಲೆ ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೆ ಒರೆಸಿ, ಉಕ್ಕಿನ ಭಾಗಗಳಿಗೆ ಒಂದು ಹನಿ ತೆಳು ಎಣ್ಣೆ ಮುಟ್ಟಿಸಿ. ಹೆದೆಗೆ ಎಣ್ಣೆ ತಾಗಬಾರದು, ಅದಕ್ಕೆ ಮೇಣವೇ ಸರಿ. ನಿಮ್ಮ ಕೈಯ ಗ್ರೀಸಿಗೂ ಇದೇ ನಿಯಮ. ಗ್ರೀಸು ಹತ್ತಿದ ಟ್ಯಾಬಿನ ಮೇಲೆ ಹೆದೆ ಒಂದೊಂದು ಸಲ ಒಂದೊಂದು ಬಗೆಯಲ್ಲಿ ಜಾರುತ್ತದೆ. ಪಾಳಿಯಿಂದ ಬಂದವರು ಉಗುರಿನ ಸಂದಿಯವರೆಗೂ ಕೈ ತೊಳೆದೇ ಟ್ಯಾಬ್ ಮುಟ್ಟಬೇಕು.

ಹಂತ 6: ಒಂದು ಬಾಣ, ಮೊದಲಿನಿಂದ ಕೊನೆಯವರೆಗೆ

ಬಲಗೈಯಿಂದ ಸೆಳೆಯುವವರನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ಎಡಗೈಯವರು ತಿರುಗಿಸಿ ಓದಿಕೊಳ್ಳಿ.

ಎಡ ಮಗ್ಗುಲು ಗುರಿಯ ಕಡೆಗಿರುವಂತೆ, ಬಾಣ ಬಿಡುವವರಿಗಾಗಿ ಎಳೆದ ಗೆರೆಯ ಎರಡು ಬದಿಗೆ ಒಂದೊಂದು ಪಾದವಿಟ್ಟು, ಭುಜದಷ್ಟು ಅಗಲಕ್ಕೆ ನಿಲ್ಲಿ. ಭಾರ ಎರಡೂ ಪಾದಗಳ ಮೇಲೆ ಸಮನಾಗಿರಲಿ. ಅಲುಗುವ ಡೆಕ್ಕಿನ ಮೇಲೆ ನಡೆದು ರೂಢಿಯಾದವರು ಗೊತ್ತಿಲ್ಲದೆಯೇ ಮೊಣಕಾಲು ಮಡಚಿ ನಿಲ್ಲುತ್ತಾರೆ. ಇಲ್ಲಿ ಕಾಲು ನೇರವಿರಬೇಕು, ಆದರೆ ಸೆಟೆದುಕೊಂಡಿರಬಾರದು.

ಬಾಣದ ಹಿಂತುದಿಯ ಕಚ್ಚನ್ನು ಹೆದೆಗೆ ‘ಟಕ್’ ಎಂದು ಕೂರಿಸಿ. ಬೇರೆ ಬಣ್ಣದ ಒಂಟಿ ಗರಿ ಬಿಲ್ಲಿನಿಂದ ಆಚೆಗಿರಲಿ. ಹೆದೆಯನ್ನು ತೋರುಬೆರಳು, ನಡುಬೆರಳು, ಉಂಗುರಬೆರಳುಗಳ ಮೊದಲ ಗೆಣ್ಣಿನಲ್ಲಿ ಕೊಕ್ಕೆಯಂತೆ ಹಿಡಿಯಿರಿ. ತೋರುಬೆರಳು ಬಾಣದ ಮೇಲೆ, ಉಳಿದೆರಡು ಕೆಳಗೆ. ಹಿಂಗೈ ಚಪ್ಪಟೆ, ಹೆಬ್ಬೆರಳು ಮತ್ತು ಕಿರುಬೆರಳು ಸಡಿಲ.

ಈಗ ಎಡಗೈ. ಬಿಲ್ಲನ್ನು ಹಿಡಿಯಬೇಡಿ, ಅದಕ್ಕೆ ಒತ್ತು ಕೊಡಿ. ಒತ್ತಡ ಹೆಬ್ಬೆರಳಿನ ಬುಡದ ದಿಂಡಿನ ಮೇಲೆ ಬೀಳಬೇಕು, ಗೆಣ್ಣುಗಳು ಸುಮಾರು 45 ಡಿಗ್ರಿ ಓರೆಯಾಗಿರಬೇಕು, ಬೆರಳುಗಳು ಜೋತಿರಬೇಕು. ಬಂದರಿನವರಿಗೆ ಇಡೀ ಕಲೆಯಲ್ಲಿ ಇದೇ ಅತ್ಯಂತ ಕಷ್ಟದ ಭಾಗ. ಕೈಯಲ್ಲಿರುವುದನ್ನು ಬಿಟ್ಟರೆ ಯಾರದೋ ತಲೆ ಹೋಗುತ್ತದೆ ಎಂದು ಮೈಗೆ ಪಾಠವಾಗಿರುತ್ತದೆ, ಅದಕ್ಕೇ ಬೆರಳು ತಾನಾಗಿ ಮುಚ್ಚಿಕೊಳ್ಳುತ್ತದೆ. ಮುಷ್ಟಿ ಬಿಗಿದರೆ ಬಾಣ ಹೊರಡುವ ಗಳಿಗೆಯಲ್ಲಿ ಬಿಲ್ಲು ಪಕ್ಕಕ್ಕೆ ತಿರುಗುತ್ತದೆ. ಹೆಬ್ಬೆರಳಿಗೂ ತೋರುಬೆರಳಿಗೂ ಸ್ಲಿಂಗ್ ಕಟ್ಟಿಕೊಳ್ಳಿ. ಬಿಲ್ಲು ಬೀಳುವುದಿಲ್ಲ ಎಂದು ಮೈಗೆ ನಂಬಿಕೆ ಬರುವವರೆಗೆ ಬೆರಳು ಸಡಿಲಗೊಳ್ಳುವುದಿಲ್ಲ, ಆ ನಂಬಿಕೆ ಬರಿಸಲು ಸ್ಲಿಂಗ್ ಬೇಕೇ ಬೇಕು.

ಉಸಿರೆಳೆದುಕೊಳ್ಳುತ್ತ ಬಿಲ್ಲೆತ್ತಿ. ಬಿಲ್ಲು ಮೇಲೆ ಹೋಗಲಿ, ಹೆಗಲು ಕೆಳಗೇ ಉಳಿಯಲಿ. ಹೆಗಲು ಕಿವಿಯ ಕಡೆ ಏರಿದರೆ ಭುಜದ ಕೀಲಿನೊಳಗೆ ಸ್ನಾಯುರಜ್ಜು ಹಿಸುಕಿಕೊಳ್ಳುತ್ತದೆ. ಎಡ ಮೊಣಕೈಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿದರೆ ಹೆದೆ ಬಡಿಯುವುದಿಲ್ಲ.

ಸೆಳೆಯುವಾಗ ತೋಳನ್ನು ಮರೆಯಿರಿ. ಬಲ ಮೊಣಕೈ ಬೆನ್ನ ಹಿಂದೆ ಸುತ್ತಿ ಹೋಗುತ್ತಿದೆ, ಬಲ ಹೆಗಲೆಲುಬು ಬೆನ್ನೆಲುಬಿನ ಕಡೆಗೆ ಸರಿಯುತ್ತಿದೆ ಎಂದು ಗಮನವಿಡಿ. ಬೀಗ ಹಾಕಿ ಭದ್ರವಾದ ಬಾಗಿಲು ಹೇಗೆ ಕೈ ಒತ್ತದೆಯೇ ನಿಲ್ಲುತ್ತದೆಯೋ ಹಾಗೆ, ಬೆನ್ನು ತನ್ನ ಜಾಗದಲ್ಲಿ ಕೂತರೆ ತೋಳಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಮರುದಿನ ತೋಳಿನ ಮುಂಭಾಗ ನೋಯುತ್ತಿದ್ದರೆ ಸೆಳೆದದ್ದು ತೋಳು. ಹೆಗಲೆಲುಬುಗಳ ನಡುವೆ ನೋಯುತ್ತಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ.

ತೋರುಬೆರಳು ದವಡೆಯ ಕೆಳಗೆ ಒತ್ತಿ ಕೂರಲಿ, ಹೆದೆ ಗದ್ದದ ನಡುವಿಗೂ ಮೂಗಿನ ತುದಿಗೂ ತಾಗಲಿ. ಪ್ರತಿ ಸಲವೂ ಅದೇ ಜಾಗ. ಅರ್ಧ ಉಸಿರು ಬಿಟ್ಟು ನಿಲ್ಲಿಸಿ ಗುರಿ ನೋಡಿ. ಮೂರು ನಾಲ್ಕು ಸೆಕೆಂಡಿನಲ್ಲಿ ಬಾಣ ಹೊರಡಬೇಕು. ಆರೇಳು ಸೆಕೆಂಡ್ ದಾಟಿತು, ಕೈ ನಡುಗುತ್ತಿದೆ, ಮನಸ್ಸು ‘ಬಿಟ್ಟುಬಿಡು’ ಅನ್ನುತ್ತಿದೆ ಎಂದಾದರೆ ಬಿಡಬೇಡಿ. ಹೆದೆಯನ್ನು ನಿಧಾನವಾಗಿ ಇಳಿಸಿ, ಉಸಿರಾಡಿ, ಮೊದಲಿನಿಂದ ಶುರು ಮಾಡಿ. ಟ್ವಿಸ್ಟ್‌ಲಾಕಿನ ಮೇಲೆ ಸರಿಯಾಗಿ ಕೂರದ ಕಂಟೇನರನ್ನು ಕ್ರೇನಿನವರು ಮತ್ತೆ ಎತ್ತಿ ಇಡುತ್ತಾರೆಯೇ ಹೊರತು ಹಾಗೇ ಬಿಟ್ಟು ಹೋಗುವುದಿಲ್ಲ. ಇಳಿಸುವುದನ್ನು ಸೋಲೆಂದುಕೊಳ್ಳುವವರು ಬೇಗ ಕೆಡುತ್ತಾರೆ.

ಬಿಡುವಾಗ ಬೆರಳು ತೆರೆಯುವುದಲ್ಲ, ಬಿಗಿ ಸಡಿಲಿಸುವುದು. ಬೆನ್ನು ಸೆಳೆಯುತ್ತಲೇ ಇದ್ದರೆ ಹೆದೆ ತಾನಾಗಿ ಜಾರಿ, ಕೈ ಕುತ್ತಿಗೆಯ ಪಕ್ಕದಿಂದ ಹಿಂದಕ್ಕೆ ಹೋಗುತ್ತದೆ. ಬಾಣ ಗುರಿಗೆ ತಾಗಿದ ಸದ್ದು ಕೇಳುವವರೆಗೂ ಎಡಗೈ ಇದ್ದಲ್ಲೇ ಇರಲಿ.

ಮೊದಲ ವಾರಗಳಲ್ಲಿ ಗುರಿಯ ಕಾಗದ ಅಂಟಿಸಲೇಬೇಡಿ. ಮೂರರಿಂದ ಐದು ಮೀಟರ್ ದೂರದಲ್ಲಿ ಖಾಲಿ ಹಲಗೆಗೆ, ಒಂದು ಸಲಕ್ಕೆ 30–40 ಬಾಣ. ಗುರಿ ಕಂಡ ಕೂಡಲೇ ಗಮನ ಮೈಯನ್ನು ಬಿಟ್ಟು ಅಂಕದ ಕಡೆ ಓಡುತ್ತದೆ. ಬೇಸರ ಬರುತ್ತದೆ, ಬರಲಿ. ಈ ವಾರಗಳಲ್ಲಿ ಕಲಿತದ್ದೇ ಮುಂದೆ ದಣಿದ ದಿನಗಳಲ್ಲಿ ಕೈ ಹಿಡಿಯುವುದು.

ಹಂತ 7: ಗೆರೆಯ ಶಿಸ್ತು

ಎರಡು ಸೀಟಿಗೆ ಗೆರೆಗೆ ಬರಬೇಕು, ಒಂದಕ್ಕೆ ಬಾಣ ಬಿಡಬಹುದು, ಮೂರಕ್ಕೆ ಬಾಣ ತರಲು ಹೋಗಬಹುದು. ಐದು ಅಥವಾ ಹೆಚ್ಚು ಸೀಟಿ ಕೇಳಿದರೆ ಅಪಾಯ, ಸೆಳೆದಿದ್ದ ಹೆದೆಯನ್ನೂ ಇಳಿಸಿ ಬಾಣವನ್ನು ಬತ್ತಳಿಕೆಗೆ ಹಾಕಬೇಕು. ಕ್ರೇನಿಗೆ ಸನ್ನೆ ಕೊಡುವವರು ಒಬ್ಬರೇ ಆದರೂ ‘ನಿಲ್ಲಿಸು’ ಎಂಬ ಸನ್ನೆಯನ್ನು ಯಾರು ಬೇಕಾದರೂ ಕೊಡಬಹುದಲ್ಲ, ಇಲ್ಲಿಯೂ ಹಾಗೆಯೇ. ಗೆರೆಯ ಮುಂದೆ ಜನ ಕಂಡವರು ಯಾರೇ ಆದರೂ ಕೂಗಬೇಕು, ಕೇಳಿದವರೆಲ್ಲ ನಿಲ್ಲಬೇಕು. ಗದ್ದಲದ ಪಾಳಿ ಮುಗಿದ ಮೇಲೆ ಕಿವಿ ಗುಂಯ್‌ಗುಡುತ್ತಿದ್ದರೆ ಸೀಟಿ ಸರಿಯಾಗಿ ಕೇಳಿಸದೇ ಹೋಗಬಹುದು, ಪಕ್ಕದವರಿಗೆ ಹೇಳಿ ನಿಲ್ಲಿ. 85 ಡೆಸಿಬೆಲ್ ದಾಟುವ ಜಾಗದಲ್ಲಿ ಕೆಲಸದ ಹೊತ್ತಿನಲ್ಲೇ ಕಿವಿರಕ್ಷಕ ಹಾಕುವುದು ಇದಕ್ಕೂ ಒಳ್ಳೆಯದು.

ಗುರಿಯ ಬಳಿಗೆ ಓಡಬೇಡಿ, ನಡೆಯಿರಿ. ನೆಟ್ಟ ಬಾಣದ ಹಿಂತುದಿ ಕಣ್ಣಿಗೆ ಚುಚ್ಚಿದ ಉದಾಹರಣೆಗಳಿವೆ. ಕೀಳುವಾಗ ಹಿಂದೆ ಯಾರೂ ಇಲ್ಲವೆಂದು ನೋಡಿ, ಒಂದು ಕೈ ಹಲಗೆಗೆ ಒತ್ತಿ, ಇನ್ನೊಂದು ಕೈಯಲ್ಲಿ ಬಾಣವನ್ನು ಹಲಗೆಗೆ ತೀರಾ ಹತ್ತಿರ ಹಿಡಿದು ನೇರಕ್ಕೆ ಎಳೆಯಿರಿ. ಹುಲ್ಲಿನಲ್ಲಿ ಕಳೆದ ಬಾಣ ಹುಡುಕಲು ಹಲಗೆಯ ಹಿಂದೆ ಹೋಗುವುದಾದರೆ ಮುಂದೆ ಒಬ್ಬರು ನಿಂತಿರಲಿ, ಅಥವಾ ಬಿಲ್ಲನ್ನು ಹಲಗೆಗೆ ಒರಗಿಸಿ ಹೋಗಿ.

ಹಂತ 8: ದೂರ ಮತ್ತು ಗಾಳಿ

ಚಲನೆ ಒಗ್ಗಿದ ಮೇಲೆ 10 ಮೀಟರ್, ನಂತರ 18. ಒಳಾಂಗಣ ಸ್ಪರ್ಧೆಯ ದೂರ 18 ಮೀಟರ್, ಗುರಿಯ ಅಗಲ 40 ಸೆಂಟಿಮೀಟರ್. ಹೊರಾಂಗಣದಲ್ಲಿ 30, 50 ದಾಟಿ ರಿಕರ್ವ್‌ನವರು ಕೊನೆಗೆ ತಲುಪುವುದು 70 ಮೀಟರಿಗೆ, ಒಲಿಂಪಿಕ್ ದೂರವೂ ಅದೇ. ಅಲ್ಲಿ ಗುರಿಯ ಅಗಲ 122 ಸೆಂಟಿಮೀಟರ್, ನಡುವಿನ 10 ಅಂಕದ ವೃತ್ತ 12.2 ಸೆಂಟಿಮೀಟರ್. ಹಳದಿಗೆ 10 ಮತ್ತು 9, ಕೆಂಪಿಗೆ 8 ಮತ್ತು 7, ನೀಲಿ, ಕಪ್ಪು, ಬಿಳಿ ಎಂದು ಕೆಳಗಿಳಿಯುತ್ತದೆ. ಆರು ಬಾಣಗಳಲ್ಲಿ ಐದು ಒಂದೇ ಕಡೆ ಗುಂಪಾಗಿ ಬೀಳುವವರೆಗೆ ದೂರ ಹೆಚ್ಚಿಸಬೇಡಿ. ಗುಂಪು ನಡುವಿನಲ್ಲಿಲ್ಲದಿದ್ದರೆ ಸೈಟ್ ಸರಿಸಿದರಾಯಿತು. ಬಾಣಗಳು ಬಿದ್ದ ಕಡೆಗೇ ಸೈಟ್ ಸರಿಯಬೇಕು: ಎಡಕ್ಕೆ ಬಿದ್ದರೆ ಎಡಕ್ಕೆ, ಮೇಲೆ ಬಿದ್ದರೆ ಮೇಲಕ್ಕೆ.

ದೂರ ಹೆಚ್ಚಿದಂತೆ ಗಾಳಿಯ ಪಾತ್ರ ಹೆಚ್ಚುತ್ತದೆ, ನಿಮ್ಮ ಅನುಭವ ಫಲ ಕೊಡುವುದು ಇಲ್ಲೇ. ಬಿಸಿಲೇರಿದಂತೆ ನೆಲ ಕಾದು ಕಡಲಗಾಳಿ ಒಳಕ್ಕೆ ಬೀಸುತ್ತದೆ, ಮಧ್ಯಾಹ್ನದ ನಂತರ ಜೋರಾಗುತ್ತದೆ, ರಾತ್ರಿ ನೆಲದಿಂದ ಕಡಲಿಗೆ ತಿರುಗುತ್ತದೆ. ತೀರದ ಮೈದಾನದಲ್ಲಿ ಬೆಳಗಿನ ಹೊತ್ತೇ ಶಾಂತ. ಕಂಟೇನರ್ ಸಾಲುಗಳ ಸಂದಿಯಲ್ಲಿ ಗಾಳಿ ಹೇಗೆ ನುಗ್ಗಿ ಸುಳಿಯಾಗುತ್ತದೆ ಎಂದು ನೋಡಿದವರಿಗೆ, ಮರಗಳ ಸಾಲು ಮುಗಿದಲ್ಲಿ ಬಾಣ ಯಾಕೆ ಸರಿಯಿತು ಎಂದು ಹೇಳಿಕೊಡಬೇಕಿಲ್ಲ. ನಿಂತ ಜಾಗದ ಗಾಳಿಯೊಂದೇ ಸಾಲದು, ಗುರಿಯ ಮೇಲಿನ ಬಾವುಟವನ್ನೂ ನಡುವಿನ ಹುಲ್ಲನ್ನೂ ನೋಡಿ. ಒಂದೇ ಸಮನೆ ಬೀಸುವ ಗಾಳಿಗೆ ಗುರಿಯನ್ನು ಗಾಳಿ ಬರುವ ಕಡೆಗೆ ಸರಿಸಿ ಹಿಡಿಯಬಹುದು. ಬಿಟ್ಟು ಬಿಟ್ಟು ಬೀಸುವ ಗಾಳಿಗೆ ಕಾಯುವುದೇ ಉಪಾಯ. ಹೊಸಬರಿಗೆ ಗಂಟೆಗೆ 20 ಕಿಲೋಮೀಟರ್ ದಾಟಿದ ಗಾಳಿ, ಅಂದರೆ ಬ್ಯೂಫೋರ್ಟ್ ಮಾಪಕದ 4ನೇ ಹಂತ, ಕಲಿಸುವುದಕ್ಕಿಂತ ಕೆಡಿಸುವುದೇ ಹೆಚ್ಚು. ಅಂಥ ದಿನ ಹತ್ತಿರದ ಖಾಲಿ ಹಲಗೆಗೆ ಮರಳಿ.

ಹಂತ 9: ಮುಂದಿನ ಬಲ, ಮೊದಲ ಸ್ಪರ್ಧೆ

ಬಿಲ್ಲಿನ ಬಲ ಹೆಚ್ಚಿಸುವಾಗ ಒಮ್ಮೆಗೆ ಎರಡು ಪೌಂಡ್, ಹೆಚ್ಚೆಂದರೆ ನಾಲ್ಕು. ಈಗಿನ ಬಿಲ್ಲಿನಲ್ಲಿ 60–70 ಬಾಣ ಬಿಟ್ಟ ಮೇಲೂ ಗುಂಪು ಹರಡದಿದ್ದರೆ, ಮತ್ತು ಇದು ಬರೀ ರಜೆಯ ದಿನವಲ್ಲದೆ ಪಾಳಿಯ ಸಂಜೆಯೂ ಆಗುತ್ತಿದ್ದರೆ ಮಾತ್ರ. ಬಲ ಬದಲಾದರೆ ಬಾಣದ ಗಡಸುತನವೂ ಹೊಂದಬೇಕು, ತರಬೇತುದಾರರ ಜತೆ ಅದನ್ನೂ ನೋಡಿಕೊಳ್ಳಿ. ಒಂದು ಪುಸ್ತಕದಲ್ಲಿ ಬಾಣಗಳ ಸಂಖ್ಯೆಯ ಪಕ್ಕದಲ್ಲೇ ಹಿಂದಿನ ಪಾಳಿ ಯಾವುದು, ಎಷ್ಟು ನಿದ್ದೆಯಾಗಿತ್ತು, ಭುಜ ಹೇಗಿತ್ತು ಎಂದು ಬರೆದಿಡಿ. ಕೆಲವು ತಿಂಗಳಲ್ಲಿ ಯಾವ ಪಾಳಿಯ ಹಿಂದೆ ಬಾಣ ಎಡಕ್ಕೆ ಹೋಗುತ್ತದೆ, ಯಾವುದರ ಹಿಂದೆ ಕೆಳಗೆ ಬೀಳುತ್ತದೆ ಎಂಬುದು ನಿಮಗೇ ಕಾಣತೊಡಗುತ್ತದೆ. ಕೆಳಗೆ ಬೀಳುವುದು ಹೆಚ್ಚಾಗಿ ಎಡಗೈ ಸೋತದ್ದರ ಗುರುತು.

ಮೊದಲ ಸ್ಪರ್ಧೆಗೆ 18 ಮೀಟರಿನ ಒಳಾಂಗಣವೇ ಸರಿ. 60 ಬಾಣ, ಗರಿಷ್ಠ 600 ಅಂಕ, ಗಾಳಿಯ ಕಾಟವಿಲ್ಲ. ದಿನಾಂಕ ಗೊತ್ತಾದ ಕೂಡಲೇ ಪಾಳಿ ಬದಲಿಸಿಕೊಳ್ಳಲು ಜೊತೆಗಾರರನ್ನು ಕೇಳಿ. ಮುಂಚಿನ ಎರಡು ರಾತ್ರಿ ಮನೆಯಲ್ಲಿ ಮಲಗುವಂತಾಗಬೇಕು, ಹಿಂದಿನ ದಿನ ಲ್ಯಾಶಿಂಗ್ ಇರಬಾರದು. ಕೊಟ್ಟ ಪಾಳಿಯನ್ನು ತಪ್ಪದೆ ತೀರಿಸಿ, ಮುಂದಿನ ಸ್ಪರ್ಧೆಗೂ ಅವರೇ ಬೇಕು. ಸ್ಪರ್ಧೆಯ ಮರುದಿನ ಕೆಲಸವಿದ್ದರೆ ಫೋರ್‌ಮನ್‌ಗೆ ಮೊದಲೇ ಹೇಳಿ ಆ ಒಂದು ಪಾಳಿಗೆ ಟ್ಯಾಲಿಯನ್ನೋ ನೆಲದ ಮೇಲಿನ ಬೇರೆ ಕೆಲಸವನ್ನೋ ಕೇಳಿಕೊಳ್ಳಿ.